ಭೀಮಪಲಾಸದಲ್ಲಿ ಕಲಿತ ಮಲಪ್ರಭೆ

ಕಾಕಾ,

ಈ ಪತ್ರವನ್ನು ಎಲ್ಲಿಂದ ಶುರು ಮಾಡಲಿ ಎಂದು ಬಹಳ ಹೊತ್ತು ಕುಳಿತೆ. ಆಮೇಲೆ, ನೀನಿದ್ದಿದ್ದರೆ ಏನು ಹೇಳುತ್ತಿದ್ದೆ ಎಂಬುದು ನೆನಪಾಗಿ ನಗು ಬಂತು. ಆದ್ದರಿಂದ ಮಳೆ, ಬೆಳೆ, ಕ್ಷೇಮ ಸಮಾಚಾರ ಎಲ್ಲ ಬಿಟ್ಟು ನೇರ ನಡುವಿನಿಂದಲೇ ಎತ್ತಿಕೊಳ್ಳುತ್ತೇನೆ. ಯುದ್ಧ ಶುರುವಾದಾಗಿನಿಂದ ಕಾಗದ ಸಿಗುವುದೇ ಕಷ್ಟ. ಹೋದ ವರ್ಷದ ಉತ್ತರಪತ್ರಿಕೆಗಳ ಬೆನ್ನ ಮೇಲೆ ಬರೆಯುತ್ತಿದ್ದೇನೆ, ಯಾರದೋ ತಪ್ಪು ಭಾಗಾಕಾರ ಈ ಕಡೆ ಮಸುಕಾಗಿ ಕಾಣುತ್ತದೆ, ಸಹಿಸಿಕೋ. ತೀರಿಹೋದವರಿಗೆ ಬಹುವಚನ ಹಚ್ಚಬೇಕೆಂದು ಅವ್ವ ಹೇಳುತ್ತಾಳೆ. ಅಪ್ಪನಿಗೆ ಹುಟ್ಟಿದಾಗಿನಿಂದ ‘ನೀವು’ ಅಂದವಳು ನಾನು, ನಿನಗೆ ಮಾತ್ರ ‘ನೀನು’. ಅದನ್ನು ಈಗ ಬದಲಾಯಿಸಲು ನನ್ನಿಂದ ಆಗುವುದಿಲ್ಲ.

ನಾನು ಮೊದಲ ಸಲ ಮುಲ್ಕಿ ಪರೀಕ್ಷೆಗೆ ಕುಳಿತ ದಿನ ನಿನಗೆ ನೆನಪಿದೆಯಲ್ಲ? ಕನ್ನಡ ಏಳನೆಯ ಇಯತ್ತೆಯ ಕೊನೆಯ ಪರೀಕ್ಷೆ. ಪಾಸಾದರೆ ಟ್ರೇನಿಂಗ್ ಕಾಲೇಜು, ಅಲ್ಲಿಂದ ಮುಂದೆ ಅಕ್ಕೋರು ಆಗಿ ಒಂದು ಸಾಲೆ. ನಾಪಾಸಾದರೆ ಮನೆ. ಭೂಗೋಳದ ಪ್ರಶ್ನೆ ಬಂದಿತ್ತು: ಮಲಪ್ರಭಾ ನದಿ ಎಲ್ಲಿ ಹುಟ್ಟಿ ಎಲ್ಲಿ ಕೃಷ್ಣೆಯನ್ನು ಸೇರುತ್ತದೆ? ನನಗೆ ಬಾರದ ಪ್ರಶ್ನೆಯೇ ಅದು? ಆದರೆ ಮುಂಬಯಿ ಇಲಾಖೆಯ ನದಿಗಳನ್ನೆಲ್ಲ ಅಪ್ಪ ನನಗೆ ಭೀಮಪಲಾಸ ರಾಗದಲ್ಲಿ ಕಲಿಸಿದ್ದರು. ಸಾಬರಮತಿಯಿಂದ ಎತ್ತಿ, ಮಹೀ, ನರ್ಮದೆ, ತಾಪಿ ದಾಟಿ, ಗೋದಾವರಿಯ ಹತ್ತಿರ ಒಂದು ತಿರುವು ತೆಗೆದುಕೊಂಡು ಕೆಳಗಿಳಿದರೆ ಮಾತ್ರ ಮಲಪ್ರಭೆ ಬಾಯಿಗೆ ಬರುತ್ತಿದ್ದಳು. ನಾನು ಗುನುಗಲು ಶುರು ಮಾಡಿದೆ. ತಾಪಿಯ ತನಕ ಬಂದಿದ್ದೆ, ಮೇಲ್ವಿಚಾರಣೆಯ ಮಾಸ್ತರು ಬಂದು ನಿಂತರು. ಪಕ್ಕದ ಹುಡುಗಿಗೆ ನಾನು ಉತ್ತರ ಹೇಳಿಕೊಡುತ್ತಿದ್ದೇನೆ ಅಂತ ಅವರು ತಿಳಿದರು. ನನ್ನನ್ನು ಎಬ್ಬಿಸಿ ನೀರಿನ ಹರವಿ ಇಟ್ಟ ಮೂಲೆಗೆ ಕೂರಿಸಿದರು, ತುಟಿ ಅಲುಗಿದರೆ ಹೊರಗೆ ಕಳಿಸುವೆನೆಂದರು. ತುಟಿ ನಿಂತಿತು. ತುಟಿಯ ಜೊತೆಗೆ ನದಿಗಳೂ ನಿಂತವು. ಇತಿಹಾಸ ಕಾಫಿ ರಾಗದಲ್ಲಿತ್ತು, ಅದೂ ಅಲ್ಲಿಯೇ ಉಳಿಯಿತು.

ಅಪ್ಪ ನನ್ನ ಪಾಠಗಳಿಗೆ ರಾಗ ಹಾಕಲು ಶುರು ಮಾಡಿದ್ದು ನಾನು ಆರು ವರ್ಷದವಳಿದ್ದಾಗ. ದಿನ ಬೆಳಗಾದರೆ ನಮ್ಮ ಪಡಸಾಲೆಯಲ್ಲಿ ಶಿಷ್ಯರು ಕೂರುತ್ತಿದ್ದರು, ನಾನು ಬಾಗಿಲ ಸಂದಿಯಲ್ಲಿ ನಿಂತು ಅವರಿಗಿಂತ ಮೊದಲು ಹಾಡು ಹಿಡಿಯುತ್ತಿದ್ದೆ. ನನಗೂ ಕಲಿಸಿರಿ ಎಂದು ಅತ್ತದ್ದಕ್ಕೆ ಅಪ್ಪ ಒಪ್ಪಲಿಲ್ಲ. ಮನೆತನದ ಹುಡುಗಿ ತಂಬೂರಿ ಹಿಡಿದು ಕುಳಿತರೆ ಊರು ಏನೆನ್ನುತ್ತದೆ ಎಂಬ ಭಯ ಅವರಿಗೆ. ಆದರೆ ಮಗಳ ಅಳುವನ್ನೂ ತಡೆಯಲಾರದವರು. ಅದಕ್ಕೇ ಮಗ್ಗಿಗೆ ಒಂದು ರಾಗ, ನದಿಗಳಿಗೆ ಒಂದು, ಅರಸರಿಗೆ ಒಂದು. ಪಾಠ ಹೇಳಿಕೊಟ್ಟೆ ಅಂತ ಊರಿಗೆ ಹೇಳಬಹುದು, ಹಾಡು ಕೊಟ್ಟೆ ಅಂತ ಮಗಳಿಗೆ ಹೇಳಬಹುದು. ನಾನಾದರೂ ಏನು ಕಡಿಮೆ? ನದಿಯ ಹೆಸರು ನನಗೆ ಯಾಕೆ ಬೇಕಿತ್ತು, ಗೋದಾವರಿಯ ತಿರುವು ಸಿಕ್ಕರೆ ಸಾಕಾಗಿತ್ತು. ಸಾಲೆಯಲ್ಲಿ ಅಕ್ಕೋರು ಮೊದಲಿನಿಂದ ಹೇಳು ಅಂದರೆ ಗಡಗಡ ಹೇಳಿ ಶಾಣ್ಯಾಕಿ ಅನ್ನಿಸಿಕೊಳ್ಳುತ್ತಿದ್ದೆ. ನಡುವಿನಿಂದ ಯಾರೂ ಕೇಳಿರಲಿಲ್ಲ.

ನಾಪಾಸಾದ ಸುದ್ದಿ ಬಂದ ಸಂಜೆ ನೀನು ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಿಂದ ಎಂದಿನ ಗಾಡಿಗೆ ಧಾರವಾಡಕ್ಕೆ ಬಂದೆ. ಕೈಗೆ ಹತ್ತಿದ ಎಣ್ಣೆ ತೊಳೆಯಲು ಸೀಗೆಪುಡಿ ಕೇಳಿದೆ, ಕೊಡಲು ಬಂದ ನನ್ನ ಮುಖ ನೋಡಿದೆ. ಅಪ್ಪ ಆಗಲೇ ತೀರ್ಮಾನ ಹೇಳಿಯಾಗಿತ್ತು: ಇನ್ನೊಂದು ವರ್ಷ, ಒಂದೇ ಒಂದು ಸಲ. ಆಮೇಲೆ ಸಾಲೆಯ ಮಾತು ಈ ಮನೆಯಲ್ಲಿ ಇಲ್ಲ. ಅವರ ಔಷಧಿ ಒಂದೇ, ಇನ್ನೂ ಹೆಚ್ಚು ಸಲ ಹಾಡಬೇಕು, ದಿನಕ್ಕೆ ಹತ್ತರ ಬದಲು ಇಪ್ಪತ್ತು. ನಾನು ಎಂಟು ದಿನ ಹಾಡಿದೆ. ನೀನು ತಬಲಾದ ಕಟ್ಟಿಗೆಯ ಗಟ್ಟಗಳನ್ನು ಬಡಿದು ಶ್ರುತಿಗೆ ತರುತ್ತ ಒಂದು ಮೂಲೆಯಿಂದ ಕೇಳಿಸಿಕೊಂಡೆ. ಒಂಬತ್ತನೆಯ ದಿನ ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಾಗ ಸುಮ್ಮನೆ ಹಾಯ್ದು ಹೋಗುವವನ ಹಾಗೆ ಕೇಳಿದೆ, ತಾಪಿಯಾದ ಮೇಲೆ ಯಾವುದು ಎಂದು. ನಾನು “ಸಾಬರಮತಿ...” ಎಂದು ರಾಗ ಎತ್ತಿದೆ. ನೀನು ಅಲ್ಲೇ ಕುಳಿತುಬಿಟ್ಟೆ. “ನೀ ರಾಗಾ ಕಲ್ತೀದಿ ಇಂದೂ,” ಅಂದೆ, “ನದಿ ಕಲ್ತಿಲ್ಲ.” ರೊಟ್ಟಿ ಕರಕಾಯಿತು, ಅವ್ವನಿಂದ ಬೈಸಿಕೊಂಡವಳು ನಾನು.

ಅದರ ಮುಂದಿನ ಭಾನುವಾರದ ಬೆಳಗು. ಅಪ್ಪ ಹಾಡುತ್ತಿದ್ದರು, ನೀನು ತಬಲಾದಲ್ಲಿ ಠೇಕಾ ಹಿಡಿದಿದ್ದೆ. ಹದಿನೆಂಟು ವರ್ಷ ಅಣ್ಣನ ಹಾಡಿಗೆ ಬಾರಿಸಿದವನು, ಅವರ ಎದುರು ಒಂದು ದಿನ ಒಂದು ಮಾತು ಎತ್ತಿದವನಲ್ಲ. ಅವರೂ ಅಷ್ಟೇ, ಹದಿನೆಂಟು ವರ್ಷದಲ್ಲಿ ನಿನ್ನ ಕೈಗೆ ಒಂದು ‘ವಾಹ್’ ಹೇಳಿದ್ದು ನಾನು ಕೇಳಿಲ್ಲ. ಅಂಥ ನೀನು ತಾಳದ ನಡುವೆ ಕೈ ತೆಗೆದುಬಿಟ್ಟೆ. ಅಪ್ಪನ ಸ್ವರ ಒಂದು ಕ್ಷಣ ಒಂಟಿಯಾಗಿ ಹೋಗಿ ನಿಂತಿತು. ನೀನು ತಲೆ ತಗ್ಗಿಸಿಯೇ ಹೇಳಿದೆ, “ಅಣ್ಣಾ, ಇಂದೂಗ ಮಲಪ್ರಭಾ ಕೇಳ್ರಿ.” ಅಪ್ಪ ಕೇಳಿದರು. ನಾನು ಸಾಬರಮತಿಗೆ ಬಾಯಿ ತೆರೆದೆ. ನೀನು ಕೈ ಎತ್ತಿದೆ. “ಮೊದಲಿಂದ ಬ್ಯಾಡ. ಅಲ್ಲಿಂದನ ಹೇಳು.” ನಾನು ನಿಂತೆ, ನಿಂತೇ ಇದ್ದೆ. ಅಪ್ಪನ ಮುಖ ನೋಡಲಾಗಲಿಲ್ಲ. ಆಗ ನೀನು ಅವರಿಗೆ ಹೇಳಿದ ಮಾತು, “ನೀವು ಹಾಡು ಎಲ್ಲಿಂದ ಎತ್ತತೀರಿ ಅಂತ ನನಗ ಗೊತ್ತಿರಂಗಿಲ್ಲ. ಎಲ್ಲಿಂದ ಎತ್ತಿದ್ರೂ ನಾ ಸಮಕ್ಕ ಬರಬೇಕು. ಪರೀಕ್ಷಾದಾಗ ಈ ಹುಡುಗಿ ಹಾಡಾಕ ಕೂತಿಲ್ಲರಿ. ತಬಲಾಕ್ಕ ಕೂತಾಳ.”

ತಾಳದ ಮೊದಲ ಪೆಟ್ಟಿಗೆ ಸಮ ಅನ್ನುತ್ತಾರೆ ಎಂಬುದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು. ಆದರೆ ಅದರಿಂದ ಭೂಗೋಳ ಕಲಿಯಬಹುದೆಂದು ಯಾರಿಗೆ ಹೊಳೆದಿತ್ತು? ಅಪ್ಪ ತಂಬೂರಿ ಗೋಡೆಗೆ ಆನಿಸಿ ಎದ್ದು ಹೋದರು. ಅಲ್ಲಿಂದ ಹದಿನೈದು ದಿನ ನಿನ್ನನ್ನು ಪಡಸಾಲೆಗೆ ಕರೆಯಲಿಲ್ಲ, ತಂಬೂರಿಯ ಮೇಲೆಯೇ ಹಾಡಿದರು. ನೀನು ಕಾರ್ಖಾನೆಯಿಂದ ಬಂದು ಹಿತ್ತಲಲ್ಲಿ ಕುಳಿತು ತೊಡೆಯ ಮೇಲೆ ಬೆರಳಾಡಿಸುತ್ತಿದ್ದೆ. ಆಗ ನನಗೆ ಅವರ ಮೇಲೆ ಸಿಟ್ಟಿತ್ತು. ಈಗ ಅನ್ನಿಸುತ್ತದೆ, ಮಗಳಿಗೆ ಕೊಡಬಹುದಾದ ಒಂದೇ ಹಾಡನ್ನು ತಪ್ಪು ಅಂದೆವಲ್ಲ, ಅವರು ಎಷ್ಟು ನೊಂದಿರಬೇಕು... ಹದಿನಾರನೆಯ ದಿನ ಒಳಗಿನಿಂದ ಅವರ ದನಿ ಬಂತು, ತಬಲಾ ತರಲು ಹೇಳಿದರು, ಅಷ್ಟೇ. ನೀನು ಓಡಿದ್ದನ್ನು ನಾನು ನೋಡಿದ್ದೇನೆ, ಒಂದು ಚಪ್ಪಲಿ ಹಿತ್ತಲಲ್ಲೇ ಉಳಿದಿತ್ತು.

ಜೋಳ ಹಸನು ಮಾಡಲು ನಾನು ಮೊರ ಹಿಡಿದು ಕುಳಿತರೆ ನೀನು ಎದುರು ಬಂದು ಕೂರುತ್ತಿದ್ದೆ. ಒಂದು ಪ್ರಶ್ನೆ ಎಸೆದು ನೆಲದ ಮೇಲೆ ಹದಿನಾರು ಮಾತ್ರೆ ಬಾರಿಸುತ್ತಿದ್ದೆ, ಧಾ ಧಿಂ ಧಿಂ ಧಾ. ತಿರುಗಿ ಸಮ ಬರುವಷ್ಟರಲ್ಲಿ ಉತ್ತರ ಬರಬೇಕು. ರಾಗ ತೆಗೆಯುವ ಹಾಗಿಲ್ಲ. ಮೊದಲು ವಿಲಂಬಿತ ಲಯ, ಒಂದು ಮಾತ್ರೆಗೂ ಇನ್ನೊಂದಕ್ಕೂ ನಡುವೆ ಜೋಳದೊಳಗಿನ ಹತ್ತು ಕಲ್ಲುಹಳ್ಳು ಆರಿಸಬಹುದಾಗಿತ್ತು. ತಿಂಗಳು ಕಳೆದಂತೆ ಚುರುಕಾಯಿತು. ಪ್ರಶ್ನೆಗಳನ್ನು ಗಾಡಿಯಲ್ಲಿ ಬರುವ ಕಾಲೇಜು ಹುಡುಗರನ್ನು ಕೇಳಿ ತರುತ್ತಿದ್ದೆ, ಅರ್ಧ ಪ್ರಶ್ನೆಗಳ ಉತ್ತರ ನಿನಗೇ ಗೊತ್ತಿರುತ್ತಿರಲಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು. ನಾನು ಹೇಳಿದ್ದು ನಿನಗೆ ತಿಳಿಯಲಿಲ್ಲವೆಂದರೆ ನನಗೂ ತಿಳಿದಿಲ್ಲ ಎಂಬುದು ನಿನ್ನ ಕಾಯಿದೆ. ಎಷ್ಟು ಹುಸಿ ದಡ್ಡತನ ತೋರಿಸುತ್ತಿದ್ದೆ ಮಾರಾಯಾ! ಗ್ರಹಣವನ್ನು ಮೂರು ಸಲ ಹೇಳಿಸಿದೆ. ಮೂರನೆಯ ಸಲಕ್ಕೆ ನನಗೇ ಅದು ಹೊಸದಾಗಿ ತಿಳಿಯಿತು.

ಪುಸ್ತಕ ತೆರೆದಿಟ್ಟುಕೊಂಡು ನಾಲ್ಕನೆಯ ಸಲ ಓದುತ್ತಿದ್ದ ಒಂದು ಮಧ್ಯಾಹ್ನ ನೀನು ಬಂದು ಅದನ್ನು ಮುಚ್ಚಿ ಅದರ ಮೇಲೆ ಕುಳಿತೆ. ಸರಸ್ವತಿಯ ಮೇಲೆ ಕೂರುತ್ತಾನೆ ನೋಡು ಎಂದು ಅವ್ವ ಕೂಗಿದಳು. “ಪುಸ್ತಕಕ್ಕ ಎಲ್ಲಾ ಬರ್ತದ, ಇಂದೂ,” ಅಂದೆ ನೀನು. “ಆದರ ಪರೀಕ್ಷಾಕ್ಕ ಅದು ಕೂಡಂಗಿಲ್ಲ, ನೀ ಕೂಡಾಕಿ.” ಪಾಟಿಯ ಮೇಲೆ ನೆನಪಿದ್ದಷ್ಟು ಬರೆ, ಆಮೇಲೆ ಪುಸ್ತಕ ಕೊಡುತ್ತೇನೆ ಅಂದೆ. ನಾನು ಬರೆದೆ, ಅರ್ಧ ಪಾಟಿಯೂ ತುಂಬಲಿಲ್ಲ. ನಾಚಿಕೆಯಿಂದ ಮತ್ತೆ ಮೊದಲಿನಿಂದ ಓದಲು ಹೋದರೆ ಅದಕ್ಕೂ ಬಿಡಲಿಲ್ಲ. ನಿನ್ನ ತಬಲಾದ ರಿಯಾಜ್ ಹಾಗೆಯೇ ಅಲ್ಲವೇ? ಒಂದು ತುಕಡಾದಲ್ಲಿ ಎರಡು ಬೋಲು ತಪ್ಪಿದರೆ ಆ ಎರಡನ್ನೇ ಅರ್ಧ ತಾಸು ಬಾರಿಸುತ್ತಿದ್ದೆ, ನೆರೆಯವರಿಗೆ ತಲೆ ಕೆಟ್ಟು ಹೋಗುತ್ತಿತ್ತು. ಬಂದದ್ದನ್ನು ಮತ್ತೆ ಮತ್ತೆ ಬಾರಿಸಿ ಖುಷಿಪಡುವುದು ರಿಯಾಜ್ ಅಲ್ಲ, ಅದು ಚೈನಿ ಎಂದು ಬೈದೆ. ನಾನು ತಪ್ಪಿದ್ದನ್ನು ನೀನು ಕಾರ್ಖಾನೆಯ ಕಂದು ಕಾಗದದ ಚೂರಿನಲ್ಲಿ ಬರೆದುಕೊಂಡು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆ. ನಾಳೆ ಕೇಳುತ್ತೀಯ ಅಂದುಕೊಂಡರೆ ಕೇಳುತ್ತಿರಲಿಲ್ಲ. ಮರೆತನಪ್ಪ ಎಂದು ನಾನು ನಿರಾಳವಾಗಿದ್ದಾಗ ಮುಂದಿನ ಗುರುವಾರ, ಬಾವಿಯಿಂದ ಕೊಡ ಎತ್ತುವಾಗ ಕೇಳುತ್ತಿದ್ದೆ.

ಒಂದು ದಿನ ನಾನು ಪಾಟಿ ಎಸೆದೆ. ಅದು ಒಡೆಯಿತು. ಮೂರು ಸಲ ಕೇಳಿದರೂ ಘಟಪ್ರಭೆ ಬಂದಿರಲಿಲ್ಲ. ಆದರೆ ನನ್ನ ಸಿಟ್ಟು ಅದಕ್ಕಲ್ಲ. ಅವತ್ತು ಬೆಳಗ್ಗೆ ನದಿಗಳ ಹಾಡನ್ನು ಸುಮ್ಮನೆ ಹಾಡಿಕೊಳ್ಳಲು ಹೋದೆ, ಗೋದಾವರಿಯ ತಿರುವು ಸಿಗಲಿಲ್ಲ. ನಿನ್ನ ಪ್ರಶ್ನೆಗಳು ಅದನ್ನು ತುಂಡು ತುಂಡು ಮಾಡಿದ್ದವು. ನನಗಿದ್ದದ್ದು ಅದೊಂದೇ ಹಾಡು, ಅದನ್ನೂ ಕಸಿದುಕೊಂಡೆ ಎಂದು ನಿನ್ನ ಮೇಲೆ ಕೂಗಾಡಿದೆ. ನೀನು ಪಾಟಿಯ ಚೂರು ಆರಿಸುತ್ತಿದ್ದೆ. ಎಲ್ಲ ಕೂಡಿಸಿಟ್ಟು, “ಮೊದಲು ಪಾಸಾಗು. ರಾಗ ಎಲ್ಲೂ ಹೋಗೂದಿಲ್ಲ, ಅದು ನಿಮ್ಮಪ್ಪನ ಗಂಟಲದಾಗ ಕೂತದ,” ಅಂದೆ. ನಾನು ನಂಬಲಿಲ್ಲ. ಎರಡು ದಿನ ಮಾತೂ ಆಡಲಿಲ್ಲ. ನೀನು ನನ್ನ ಜಾಗದಲ್ಲಿ ಕುಳಿತು ಜೋಳ ಹಸನು ಮಾಡಿದೆ, ಹಳ್ಳು ಎಲ್ಲ ಅದರಲ್ಲೇ ಬಿಟ್ಟು.

ಜಿಟಿಜಿಟಿ ಮಳೆಯ ಒಂದು ಸಂಜೆ ಕಟ್ಟೆಯ ಮೇಲೆ ನಿಂತು ನೀನು ಕೇಳಿದ ಪ್ರಶ್ನೆ ಯಾವ ಕಾಲೇಜು ಹುಡುಗ ಕೊಟ್ಟದ್ದೂ ಅಲ್ಲ. ನಮ್ಮ ಹಂಚಿನ ಮೇಲೆ ಬಿದ್ದ ನೀರು ಯಾವ ಸಮುದ್ರಕ್ಕೆ ಹೋಗುತ್ತದೆ? ನಾನು ಪುಸ್ತಕದಲ್ಲಿ ಹುಡುಕಿದೆ, ಇರಲಿಲ್ಲ. ಮರುದಿನ ಓಣಿಯ ಹೆಂಗಸರು ನಗುವ ಹಾಗೆ ಕೊಡೆ ಹಿಡಿದು ನೀರು ಹರಿದತ್ತ ನಡೆದೆವು. ಊರ ಪಡುವಣಕ್ಕೆ ಶಾಲ್ಮಲೆ, ಅದು ಘಟ್ಟ ಇಳಿದು ಪಡುವಣ ಕಡಲಿಗೆ ಹೋಗುವ ನೀರು. ಮೂಡಣದ ಹಳ್ಳಗಳು ಬೆಣ್ಣೆಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ, ಕೊನೆಗೆ ಮೂಡಣ ಕಡಲಿಗೆ. ಧಾರವಾಡದ ಏರು ನಡುವೆ ನಿಂತು ಮಳೆಯನ್ನು ಎರಡು ಪಾಲು ಮಾಡುತ್ತದೆ ಎಂದು ಅವತ್ತು ನನ್ನ ಕಾಲಿಗೆ ಗೊತ್ತಾಯಿತು. ಎರಡೂ ಕಾಲಿಗೆ ಮೊಳಕಾಲಿನ ತನಕ ಕೆಸರು.

ಎರಡನೆಯ ಸಲದ ಪರೀಕ್ಷೆಯಲ್ಲಿ ಏನಾಯಿತು ಎಂದು ನಿನಗೆ ಪೂರ್ತಿ ಹೇಳಲೇ ಇಲ್ಲ. ಮನೆಗೆ ಬಂದಾಗ ಛಲೋ ಆತು ಅಂದೆನಷ್ಟೇ, ಹೆಚ್ಚು ಹೇಳಿದರೆ ದೃಷ್ಟಿಯಾದೀತು ಅಂತ. ಈಗ ಕೇಳು. ಮೇಲ್ವಿಚಾರಣೆಗೆ ಅದೇ ಮಾಸ್ತರು ಬಂದಿದ್ದರು. ನನ್ನನ್ನು ಗುರುತು ಹಿಡಿದು ಹತ್ತಿರವೇ ಕುರ್ಚಿ ಹಾಕಿಕೊಂಡರು. ಮೊದಲನೆಯ ಪ್ರಶ್ನೆಗೇ ಉತ್ತರ ಬರಲಿಲ್ಲ. ಹಿಂದಿನ ವರ್ಷವಾಗಿದ್ದರೆ ಅಲ್ಲೇ ಕೂತು ಬೆವರುತ್ತಿದ್ದೆ. ತಾಳದ ಒಂದು ಆವರ್ತನ ತಪ್ಪಿದರೆ ಕೈ ಕಟ್ಟಿ ಕೂರಬಾರದು, ಮುಂದಿನದಕ್ಕೆ ಹಿಡಿ, ತಿರುಗಿ ಬಾ ಎಂದು ನೀನು ಹೇಳಿದ್ದೆಯಲ್ಲ. ಬಿಟ್ಟು ಮುಂದೆ ಹೋದೆ. ಬೆರಳು ತಾನಾಗಿ ಬರೆಯುವ ಬಾಕಿನ ಮೇಲೆ ಠೇಕಾ ಹಾಕಿತು, ಮಾಸ್ತರು ಕಣ್ಣು ಕಿರಿದು ಮಾಡಿದರು. ಬೆರಳು ಮಡಚಿ ಕಾಲಿನ ಹೆಬ್ಬೆರಳಿನಲ್ಲಿ ಎಣಿಸಿದೆ. ಅದನ್ನು ಹಿಡಿಯಲು ಅವರು ಬಾಕಿನ ಕೆಳಗೆ ಬಗ್ಗಬೇಕಿತ್ತು. ಐದನೆಯ ಪ್ರಶ್ನೆ ಓದಿದಾಗ ಮಾತ್ರ ನನಗೆ ಕೂಗಿಬಿಡಬೇಕೆನ್ನಿಸಿತು. ಧಾರವಾಡದ ಸುತ್ತಲಿನ ನೀರು ಎರಡು ಬೇರೆ ದಿಕ್ಕಿಗೆ ಹರಿಯಲು ಕಾರಣವೇನು? ಕಾಕಾ, ನಾನು ಎರಡು ಪುಟ ಬರೆದೆ! ತಿರುಗಿ ಬಂದಾಗ ಮೊದಲನೆಯದೂ ತಾನಾಗಿ ಬಂತು.

ನಿನಗೆ ಜ್ವರ ಬಂದದ್ದು ಅದಾದ ತಿಂಗಳಿಗೆ. ಸಾದಾ ಜ್ವರ ಅಂದರು, ಆಮೇಲೆ ವಿಷಮಜ್ವರ ಅಂದರು. ಒದ್ದೆ ಅರಿವೆ ಹಣೆಗೆ ಹಾಕುತ್ತಿದ್ದರೆ ನೀನು ಫಲಿತಾಂಶ ಯಾವಾಗ ಎಂದು ಕೇಳುತ್ತಿದ್ದೆ. ಬರ್ತದ ಬರ್ತದ ಅಂದೆ. ಅದು ನೀನು ಹೋದ ಮೇಲೆ, ಹನ್ನೊಂದು ದಿನ ತಡವಾಗಿ ಬಂತು. ವರ್ಷವಿಡೀ ನನ್ನ ಎದುರು ಕುಳಿತಿದ್ದೆಯಲ್ಲ, ನೀನು ನನಗೆ ಏನು ಮಾಡಿದೆ ಎಂದು ಒಂದು ಸಲವಾದರೂ ಹೇಳಬಾರದಿತ್ತೇ ನಾನು? ಪಾಟಿ ಎಸೆದದ್ದಕ್ಕೆ ತಪ್ಪಾಯಿತು ಅಂತಲೂ ಹೇಳಲಿಲ್ಲ. ಫಲಿತಾಂಶ ಬಂದ ಮೇಲೆ ಎರಡನ್ನೂ ಕೂಡಿಸಿ ಹೇಳೋಣ ಅಂದುಕೊಂಡಿದ್ದೆ...

ಪಾಸಾದವರ ಯಾದಿ ನೋಡಲು ಅಪ್ಪ ತಾವೇ ಹೋದರು. ತಿರುಗಿ ಬಂದು ನನಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ಟೊಪಿಗೆ ತೆಗೆಯದೆ ಪಡಸಾಲೆಗೆ ಹೋಗಿ, ಗವಸು ಹಾಕಿಟ್ಟ ನಿನ್ನ ತಬಲಾದ ಮುಂದೆ ಕುಳಿತರು. ನಾನು ಅದೇ ಬಾಗಿಲ ಸಂದಿಯಲ್ಲಿದ್ದೆ. “ರಾಘೂ,” ಅಂದರು, “ಹುಡುಗಿ ಸಮಕ್ಕ ಬಂತು.” ಹಾಗೆ ನನಗೆ ಗೊತ್ತಾಯಿತು. ಭೂಗೋಳದಲ್ಲಿ ನಮ್ಮ ಸಾಲೆಗೇ ಮೊದಲು, ಕಾಕಾ. ಆ ಸುದ್ದಿ ನಿನಗೆ ಇಷ್ಟು ವರ್ಷ ತಡವಾಗಿ ಮುಟ್ಟಿಸುತ್ತಿದ್ದೇನೆ.

ಟ್ರೇನಿಂಗ್ ಮುಗಿಸಿ ಅಮ್ಮಿನಬಾವಿಯ ಹೆಣ್ಣುಮಕ್ಕಳ ಸಾಲೆಗೆ ಬಂದ ಮೊದಲ ದಿನ ಒಬ್ಬ ಹುಡುಗಿ ಎದ್ದು ನಿಂತು ಪಾಠವನ್ನು ಮೊದಲಿನಿಂದ ಕೊನೆಯ ತನಕ ಉಸಿರು ತೆಗೆಯದೆ ಒಪ್ಪಿಸಿದಳು. ನೀಲವ್ವ ಅಂತ. ಉಳಿದವರು ಅವಳನ್ನು ಹೆಮ್ಮೆಯಿಂದ ನೋಡಿದರು. ನಾನು ನಡುವಿನಿಂದ ಒಂದು ಕೇಳಿದೆ, ಅವಳ ಬಾಯಿ ತೆರೆದೇ ಉಳಿಯಿತು. ಆ ಬಾಯಿ ನನ್ನದೇ. ಅವತ್ತಿನಿಂದ ಈ ಸಾಲೆಯಲ್ಲಿ ಪುಸ್ತಕ ಮುಚ್ಚಿ ಬರೆಯುತ್ತಾರೆ, ತಪ್ಪಿದ್ದನ್ನಷ್ಟೇ ತಿದ್ದುತ್ತಾರೆ, ನಾನು ಮೇಜಿನ ಮೇಲೆ ಹದಿನಾರು ಮಾತ್ರೆ ಬಾರಿಸುತ್ತೇನೆ. ಅಕ್ಕೋರಿಗೆ ತಬಲಾದ ಹುಚ್ಚು ಎಂದು ಊರಲ್ಲಿ ಹೆಸರಾಗಿದೆ. ಸೋಮವಾರ ಮುಂಜಾನೆ ನೀಲವ್ವನೂ ಸೇರಿ ಏಳು ಹುಡುಗಿಯರನ್ನು ಚಕ್ಕಡಿಯಲ್ಲಿ ಧಾರವಾಡಕ್ಕೆ ಮುಲ್ಕಿ ಪರೀಕ್ಷೆಗೆ ಕರೆದೊಯ್ಯುತ್ತೇನೆ. ನನಗೇ ಅಂಜಿಕೆ, ಅವರು ನಗುತ್ತಿದ್ದಾರೆ. ಮದುವೆಯ ವಿಷಯ ಕೇಳಬೇಡ, ಅವ್ವ ಕೇಳುವುದೇ ಸಾಕಾಗಿದೆ.

ಹೋದ ಭಾನುವಾರ ಮನೆಗೆ ಹೋದಾಗ ಅಪ್ಪ ಒಬ್ಬರೇ ಪಡಸಾಲೆಯಲ್ಲಿದ್ದರು. ನಿನಗೆ ಇವತ್ತು ಬರೆಯಲು ಕುಳಿತದ್ದು ನಿಜವಾಗಿ ಇದಕ್ಕೇ. ಆ ನದಿಗಳ ಹಾಡು ನೆನಪಿದೆಯೇ ಎಂದು ಕೇಳಿದರು. ಇದೆಯೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಸಾಬರಮತಿಗೆ ದನಿ ಎತ್ತಿದೆ. ಅಪ್ಪ ಕೈ ಎತ್ತಿದರು, ಅವತ್ತು ನೀನು ಎತ್ತಿದ ಹಾಗೆಯೇ. “ಮೊದಲಿಂದ ಬ್ಯಾಡ. ಮಲಪ್ರಭಾದಿಂದ ಎತ್ತು,” ಅಂದರು. “ರಾಘೂ ಇದ್ದಿದ್ರ ಅಲ್ಲಿಂದನ ಕೇಳ್ತಿದ್ದ.” ಎತ್ತಿದೆ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋದೆ, ಗೋದಾವರಿಯ ತಿರುವು ಇದ್ದಲ್ಲೇ ಇತ್ತು. ನೀನು ಹೇಳಿದ್ದೆ, ನಾನು ನಂಬಿರಲಿಲ್ಲ. ನದಿಗಳು ಮುಗಿದ ಮೇಲೆ ಅಪ್ಪ ತಂಬೂರಿಯನ್ನು ಎತ್ತಿ ನನ್ನ ಮಡಿಲಿಗೆ ಕೊಟ್ಟರು. ಊರು ಏನೆನ್ನುತ್ತದೆ ಎಂಬ ಮಾತು ಬರಲಿಲ್ಲ. ಇಪ್ಪತ್ತೈದು ದಾಟಿದ ಮಗಳಿಗೆ ಭೀಮಪಲಾಸದ ಮೊದಲ ಖರೇ ಹಾಡು, ಅದರಲ್ಲಿ ಒಂದೂ ನದಿ ಇಲ್ಲ. ಈ ಭಾನುವಾರ ಎರಡನೆಯ ಪಾಠ. ಠೇಕಾಕ್ಕೆ ಯಾರೂ ಇಲ್ಲ, ಅಪ್ಪನೇ ತೊಡೆ ತಟ್ಟುತ್ತಾರೆ. ಅವರ ಲಯ ಸ್ವಲ್ಪ ಓಡುತ್ತದೆ ಕಾಕಾ, ನಾನು ಕಾಲಿನ ಹೆಬ್ಬೆರಳಿನಲ್ಲಿ ಎಣಿಸುತ್ತೇನೆ.

ನಿನ್ನ
ಇಂದೂ